ಹಗೂರ ಹೋಗ್ರಿ

ಉದ್ದವ್ವ ಉದ್ದ ಇರಲಿಲ್ಲ. ಹೆಸರಿಟ್ಟ ಅಜ್ಜಿ ತೊಟ್ಟಿಲಲ್ಲಿ ಏನು ಕಂಡಿದ್ದಳೋ, ಆ ಶಿವನಿಗೇ ಗೊತ್ತು. ಮದುವೆಯಾಗಿ ಕೌಜಲಗಿಯಿಂದ ಗೋಕಾಕಕ್ಕೆ ಬಂದಾಗಲೇ ಗಿಡ್ಡಗಿದ್ದಳು. ಆಮೇಲೆ ಬೆಳೆದದ್ದೆಲ್ಲ ಅಡ್ಡಡ್ಡ. ಅವಳು ಕೂತರೆ ಹೊರಸು ನರಳುತ್ತಿತ್ತು, ನಕ್ಕರೆ ಮನೆಯೆಲ್ಲ ನಗುತ್ತಿತ್ತು. ಗಂಡ ಪರಪ್ಪ ಕಲ್ಲೋಳಿ ಕಡೆಯವನು, ಗೋಕಾಕದಲ್ಲಿ ಬೆಲ್ಲದ ಅಂಗಡಿ ಇಟ್ಟವನು. ದಿನವಿಡೀ ಬೆಲ್ಲದ ನಡುವೆ ಕೂತರೂ ಮೈಗೆ ಒಂದು ಚೂರೂ ಹತ್ತದ ಕಡ್ಡಿ ಆಳು.

ಉದ್ದವ್ವನಿಗೆ ಜೀವನದಲ್ಲಿ ದೊಡ್ಡ ಆಸೆಗಳಿರಲಿಲ್ಲ. ಇದ್ದದ್ದು ಒಂದೇ, ಅದೂ ಹುಡುಗಿಯಾಗಿದ್ದಾಗಿನದು. ಅವಳ ಅಪ್ಪ ಕೆಂಚಪ್ಪ ಅರಳೆ ಹೇರಿದ ಚಕ್ಕಡಿ ಹೊಡೆದುಕೊಂಡು ಗೋಕಾಕದ ಘಾಟು ಹತ್ತುತ್ತಿದ್ದ. ತಿರುಗಿ ಬಂದಾಗ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, “ಘಾಟಿನ ತುದಿಗಿ ಬಸವಣ್ಣನ ಕಟ್ಟಿ ಐತಿ ನೋಡವಾ, ಅಲ್ಲಿ ನಿಂತ್ರ ನಮ್ಮ ಮನಿ ಬೇವಿನ ಗಿಡಾ ಸೈತ ಕಾಣತೈತಿ” ಅನ್ನುತ್ತಿದ್ದ. ಅವಳ ಅಣ್ಣಂದಿರು ಇಂದಿಗೂ ನಗುತ್ತಾರೆ. ಅಷ್ಟು ದೂರದ ಗಿಡ ಕಾಣುವುದುಂಟೇ, ಅಪ್ಪ ಬರೀ ಬಂಡಲ್ ಬಿಡುತ್ತಿದ್ದ ಅನ್ನುತ್ತಾರೆ. ಉದ್ದವ್ವನಿಗೆ ಇದು ಸೇರುತ್ತಿರಲಿಲ್ಲ. ಅಪ್ಪ ಸತ್ತು ಎಷ್ಟೋ ವರ್ಷವಾಗಿತ್ತು, ಅವನ ಪರವಾಗಿ ಮಾತಾಡುವವರು ಇವಳೊಬ್ಬಳೇ. ಆದರೆ ಘಾಟು ಹತ್ತಿ ನೋಡಿ ಬರೋಣವೆಂದರೆ ಮೊಳಕಾಲು ಕೇಳಬೇಕಲ್ಲ! ಮನೆಯ ಮೆಟ್ಟಿಲು ಹತ್ತುವಾಗಲೇ ಅವು ಶಿವಾ ಶಿವಾ ಅನ್ನುತ್ತಿದ್ದವು. ಘಾಟು ಹತ್ತುವ ಚಕ್ಕಡಿಗಳವರೋ, ಎತ್ತುಗಳಿಗೆ ಮೊದಲೇ ಹೊರೆ ಹೆಚ್ಚಾಗಿದೆ ಎಂದು ಕೈಮುಗಿಯುತ್ತಿದ್ದರು.

ಅವಳದು ಇನ್ನೊಂದು ಚಾಳಿ. ಗಂಡ ಹೊಸ್ತಿಲು ದಾಟಿದರೆ ಸಾಕು, “ಹಗೂರ ಹೋಗ್ರಿ” ಅನ್ನುವಳು. ನಮ್ಮ ಸೀಮೆಯಲ್ಲಿ ಹಗೂರ ಅಂದರೆ ಸಾವಕಾಶ. ಭಾರವಿಲ್ಲದ್ದಕ್ಕೂ ಹಗೂರ ಅಂತಲೇ ಅನ್ನುತ್ತೇವೆ. ಒಂದೇ ಮಾತು ಎರಡು ಮನೆ ಕೆಲಸ ಮಾಡುತ್ತಿತ್ತು, ಇದರಿಂದ ಯಾರಿಗೂ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಮೋಟಾರು ಬಂದ ಮೇಲೆ.

ಮೋಟಾರು ಒಬ್ಬ ಬಿಳೀ ಸಾಹೇಬನದು. ಅವನು ತನ್ನ ದೇಶಕ್ಕೆ ಹೊರಟಾಗ ಅದನ್ನು ಪರಪ್ಪನ ಕೊರಳಿಗೆ ಕಟ್ಟಿ ಹೋದ. ಕೆಂಪು ಬಣ್ಣ, ಮೇಲೆ ಮಾಡು ಇಲ್ಲ, ಹಿಂದೆ ದೋಣಿಯ ಹಾಗೆ ಚೂಪು, ಕೂಡುವುದಕ್ಕೆ ಎರಡೇ ಎರಡು ಕುರ್ಚಿ. ಓಟದ ಪಂದ್ಯಕ್ಕೆಂದೇ ಮಾಡಿದ್ದಂತೆ. ಅದು ಅಂಗಳಕ್ಕೆ ಬಂದ ದಿನ ಉದ್ದವ್ವ ಆರತಿ ಎತ್ತಿದಳು. ಪರಪ್ಪ ಹಿಗ್ಗಿನಲ್ಲಿ, “ಮೊದಲ ನಿನ್ನ ಕೂಡಿಸ್ಕೊಂಡ ಘಾಟ ಹತ್ತತೇನಿ, ಬಸವಣ್ಣನ ಆಣಿ” ಅಂದುಬಿಟ್ಟ. ಆ ರಾತ್ರಿ ಅವಳು ಮಡಿಸಿಟ್ಟ ಇಳಕಲ್ ಸೀರೆ ಹೊರಗೆ ತೆಗೆದಳು. ಸೀರೆ ಹೊರಗೇ ಉಳಿಯಿತು.

ಯಾಕೆಂದರೆ ಆ ಘಾಟಿನಲ್ಲಿ ವರ್ಷಕ್ಕೊಮ್ಮೆ ಮೋಟಾರಿನವರ ಪಂದ್ಯ ನಡೆಯುತ್ತಿತ್ತು. ಸಾಹೇಬರು, ಇನಾಮದಾರರು, ಹುಕ್ಕೇರಿಯ ಡಾಕ್ಟರರು, ಎಲ್ಲರೂ ಸೇರುತ್ತಿದ್ದರು. ಒಬ್ಬೊಬ್ಬರಾಗಿ ಗುಡ್ಡ ಹತ್ತಬೇಕು, ತುದಿಯಲ್ಲಿ ಎಳೆದ ಸುಣ್ಣದ ಗೆರೆ ದಾಟಬೇಕು, ಗಡಿಯಾರ ನೋಡಿ ಗೆದ್ದವರ ಹೆಸರು ಹೇಳುತ್ತಾರೆ. ಪರಪ್ಪ ಮೊದಲ ವರ್ಷವೇ ಹೋದ, ಎಲ್ಲರಿಗಿಂತ ಕೊನೆಗೆ ಬಂದ. ಔಷಧದ ಪೆಟ್ಟಿಗೆ ಸಮೇತ ಹತ್ತಿದ ಡಾಕ್ಟರರ ಮುದಿ ಗಾಡಿಯೂ ಅವನಿಗಿಂತ ಮುಂದಿತ್ತು. ಮರುದಿನ ಅಂಗಡಿಗೆ ಬಂದವರೆಲ್ಲ ಬೆಲ್ಲಕ್ಕಿಂತ ಮೊದಲು ಆ ಸುದ್ದಿ ಕೇಳಿದರು. ಅವನಿಗೆ ಊಟ ಇಳಿಯಲಿಲ್ಲ.

ಗಾಡಿ ರಿಪೇರಿ ಮಾಡುವ ಲಗಮಪ್ಪ ಬಂದು ಸುತ್ತು ಹೊಡೆದು ನೋಡಿದ. “ಸಾವಕಾರ್ರ, ಗಾಡಿ ಭಾರ ಆಗೇತ್ರಿ. ಹಗೂರ ಮಾಡ್ರಿ, ಹಕ್ಕಿ ಹಾರಿದಂಗ ಹೋಗತೈತಿ” ಅಂದ.

ಅಷ್ಟೇ, ಪರಪ್ಪನಿಗೆ ಹಗೂರದ ಹುಚ್ಚು ಹಿಡಿಯಿತು. ಮೊದಲು ಎದುರಿನ ಗಾಜು ಹೋಯಿತು. ಆಮೇಲೆ ಕಾಲಡಿಯ ತಗಡು ಹೋಗಿ ಅಲ್ಲಿ ಈಚಲು ಚಾಪೆ ಬಂತು. ಹೊರಡುವಾಗ ಬಾಗಿಲು ಮತ್ತು ದೀಪ ಇರಲೇಬೇಕೆಂದು ಪಂದ್ಯದ ಕಾನೂನಿತ್ತು. ಕಾನೂನು ಇರಲೇಬೇಕು ಎನ್ನುತ್ತದೆ, ಕಬ್ಬಿಣದ್ದೇ ಇರಬೇಕು ಎನ್ನುವುದಿಲ್ಲವಲ್ಲ! ಪರಪ್ಪ ನೆಟ್ಟಗೆ ಬೊಂಬೆಗಾರ ಮಾಯಪ್ಪನ ಹತ್ತಿರ ಹೋದ. ಮಾಯಪ್ಪ ಬೆಂಡಿನಂಥ ಮರದಲ್ಲಿ ಹಣ್ಣು, ಗಿಳಿ, ದೇವರು ಮಾಡುವವನು. ಬಾಗಿಲನ್ನೂ ದೀಪವನ್ನೂ ಅದೇ ಮರದಲ್ಲಿ ಕೆತ್ತಿಕೊಟ್ಟ. ಆದರೆ ಬಣ್ಣ ಹಚ್ಚದ ಕಟ್ಟಿಗೆಯನ್ನು ಮನೆಯಿಂದ ಹೊರಗೆ ಕಳಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಬಾಗಿಲ ಮೇಲೆ ಬಾಳೆಗೊನೆ ಬಿಡಿಸಿದ. ದೀಪ ಎರಡೂ ಪಪ್ಪಾಯಿ ಹಣ್ಣಾದವು. ಪೇಟೆಯಲ್ಲಿ ಒಂದು ಆಡು ಅವನ್ನು ನೆಕ್ಕಿ ನೋಡಿ ಮೋಸ ಹೋಯಿತು.

ಗಾಡಿ ಮುಗಿದ ಮೇಲೆ ಪರಪ್ಪ ತನ್ನನ್ನೇ ಕಡಿಮೆ ಮಾಡಿಕೊಳ್ಳಲು ಹೊರಟ. ಮೊದಲೇ ಕಡ್ಡಿ, ಅದರಲ್ಲಿ ಒಪ್ಪತ್ತು ಊಟ! ಮೀಸೆ ತೆಗೆಸಿದ ದಿನ ಪಕ್ಕದ ಮನೆಯ ಯಲ್ಲಕ್ಕ “ಯಾರು ತೀರಕೊಂಡ್ರವಾ?” ಎಂದು ಅಳುತ್ತ ಬಂದಳು. ಕೊರಳಿನ ಬೆಳ್ಳಿ ಕರಡಿಗೆಯನ್ನು ಬಿಚ್ಚಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದೇ ಎಂದು ಮಠದ ಅಯ್ಯನವರನ್ನು ಕೇಳಿದ. “ವಸ್ತ್ರದಾಗಿದ್ರೂ ಲಿಂಗ ಲಿಂಗಾನ ಅಲ್ಲೇನಪಾ. ಕಾರಣಾ ಮಾತ್ರ ಯಾರ ಮುಂದನೂ ಹೇಳಬ್ಯಾಡ” ಅಂದರು ಅಯ್ಯನವರು, ನಗು ತಡೆದುಕೊಂಡು.

ಇದನ್ನೆಲ್ಲ ಉದ್ದವ್ವ ಹೊಟ್ಟೆಗೆ ಹಾಕಿಕೊಂಡಳು. ಆದರೆ ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದವಳು ನೋಡುತ್ತಾಳೆ, ಲಗಮಪ್ಪ ಎಡಗಡೆಯ ಕುರ್ಚಿ ಬಿಚ್ಚಿ ಅಂಗಳದಲ್ಲಿ ಇಟ್ಟಿದ್ದಾನೆ.

“ಅದು ನನ್ನ ಜಾಗಾರೀ!” ಅಂದಳು.

“ಪಂದ್ಯಾ ಒಂದ ಮುಗೀಲಿ, ಮರುದಿನಾನ ಹಾಕಸ್ತೇನಿ” ಅಂದ ಪರಪ್ಪ.

“ಮರುದಿನಾ ಮರುದಿನಾ ಅನ್ಕೋತ ನನ್ನ ತಲಿ ಬೆಳ್ಳಗಾತು. ಗಾಜು ಭಾರ, ತಗಡು ಭಾರ, ಕಡೀಕ ನಾನೂ ಭಾರ. ಹೌದಿಲ್ರಿ?”

ಲಗಮಪ್ಪ ನಟ್ಟು ಬಿಚ್ಚುವ ಪಾನಾ ಹುಡುಕುವ ನೆಪದಲ್ಲಿ ಗಾಡಿಯ ಕೆಳಗೆ ಸೇರಿಕೊಂಡ. ಉದ್ದವ್ವ ಜಗಳ ಮುಂದುವರಿಸಲಿಲ್ಲ, ಅದೇ ಪರಪ್ಪನಿಗೆ ಹೆಚ್ಚು ಹೆದರಿಕೆ ತಂದಿತು. ಅವಳು ಕುರ್ಚಿಯನ್ನು ಬೇವಿನ ನೆರಳಿಗೆ ಎಳೆದುಕೊಂಡು, ಅದರಲ್ಲಿ ಕೂತು, ಜೋಳ ಹಸನು ಮಾಡತೊಡಗಿದಳು. ಅಂದಿನಿಂದ ಅವಳ ಎಲ್ಲ ಕೆಲಸ ಅದೇ ಕುರ್ಚಿಯಲ್ಲಿ. ಸೊಪ್ಪು ಸೋಸುವಾಗ ಒಮ್ಮೊಮ್ಮೆ ಕಣ್ಣು ಮುಚ್ಚಿ ಮೈ ಒಂದಿಷ್ಟು ಕುಲುಕುವಳು, ಘಾಟು ಹತ್ತುತ್ತಿರುವವಳ ಹಾಗೆ. ಕಂಡವರಿಗೆ ನಗು ಬರುತ್ತಿತ್ತು, ಮರುಕವೂ ಆಗುತ್ತಿತ್ತು.

ಪಂದ್ಯದ ದಿನ ಅವಳು ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಘಾಟಿನ ಬುಡಕ್ಕೆ ಹೋದಳು. ಏನಾದರಾಗಲಿ ಎಂದು ಇಳಕಲ್ ಸೀರೆ ಉಟ್ಟಿದ್ದಳು. ಮೊಳಕಾಲಿಗೆ ಹಿತವೆಂದು ಚಕ್ಕಡಿಯಲ್ಲಿ ಅದೇ ಕುರ್ಚಿ ಹಾಕಿಸಿ ಕೂತಿದ್ದಳು. ಗಡಿಯಾರದವರು ಮರದ ದೀಪ ತಟ್ಟಿ ನೋಡಿ, ಇವು ದೀಪವೋ ಪಪ್ಪಾಯಿಯೋ ಎಂದು ವಿಚಾರಿಸಿದರು. ಕಾನೂನು ಪುಸ್ತಕದಲ್ಲಿ ಪಪ್ಪಾಯಿಗೆ ಅಡ್ಡಿ ಇರಲಿಲ್ಲ. ಬಾವುಟ ಇಳಿಯಿತು, ಪರಪ್ಪ ಹೊರಟ.

ಎಂಥ ಹಾರಾಟ ಅದು! ಗಾಡಿ ನಿಜಕ್ಕೂ ಹಕ್ಕಿಯೇ ಆಗಿತ್ತು. ಆದರೆ ಹಕ್ಕಿಗೆ ನೆಲ ಬೇಡ, ಗಾಡಿಗೆ ನೆಲ ಬೇಕು. ಜನ ನಿಂತಿದ್ದ ಮೊದಲ ತಿರುವಿನಲ್ಲೇ ಏರು ಶುರುವಾಯಿತು, ಕೆಳಗೆ ಸಡಿಲ ಗರಸು. ಹಿಂದಿನ ಗಾಲಿಗಳು ಗಿರ್ರನೆ ನಿಂತಲ್ಲೇ ತಿರುಗಿದವು. ಕಲ್ಲು ಹಾರಿದವು, ಧೂಳು ಎದ್ದಿತು, ಹಿಂದಿನ ಚೂಪು ಬಾಲ ಕರುವಿನ ಹಾಗೆ ಅತ್ತಿತ್ತ ಜಿಗಿಯಿತು, ಗಾಡಿ ಮಾತ್ರ ಒಂದಡಿ ಮುಂದೆ ಹೋಗಲಿಲ್ಲ.

ಲಗಮಪ್ಪ ತಲೆ ಚಚ್ಚಿಕೊಂಡು ಓಡಿಬಂದ. “ಹಗೂರ ಹೆಚ್ಚಾತ್ರಿ ಸಾವಕಾರ್ರ! ಗಾಲಿ ನೆಲಾ ಹಿಡೀವಲ್ದು. ಹಿಂದ ಭಾರ ಬೇಕ್ರಿ, ಭಾರ!” ನೂಕುವುದಕ್ಕೆ ಕಾನೂನು ಬಿಡುತ್ತಿರಲಿಲ್ಲ, ಮಂದಿಯನ್ನು ಹತ್ತಿಸಿಕೊಳ್ಳಲು ಅಡ್ಡಿ ಇರಲಿಲ್ಲ. “ಯಾರರೆ ಭಾರ ಇದ್ದವರು ಬರ್ರೋ!” ಎಂದು ಲಗಮಪ್ಪ ಕೂಗಿದ.

ನೆರೆದ ಮಂದಿಯೆಲ್ಲ ಒಟ್ಟಿಗೆ ಉದ್ದವ್ವನ ಕಡೆ ತಿರುಗಿದರು.

“ನಾ ಯಾಕ ಬರ್ಲಿ?” ಅಂದಳು ಉದ್ದವ್ವ, ಚಕ್ಕಡಿಯಲ್ಲಿ ಅಲುಗಾಡದೆ. “ನಾ ಭಾರ ಅಂತ ನನ್ನ ಕುರ್ಚಿ ಕಿತ್ತಾರಲ್ಲ!”

“ಭಾರ ಅದೀ ಅಂತನ ಕರಿಯಾಕತ್ತೇನಿ, ಬಾರವಾ!” ಪರಪ್ಪ ಅಷ್ಟು ಜನರೆದುರು ಹೆಂಡತಿಗೆ ಕೈ ಮುಗಿದ. “ನೀ ಇಲ್ದ ಈ ಗಾಡಿ ಮ್ಯಾಲ ಹತ್ತವಲ್ದು.”

“ಬಸವಣ್ಣನ ಕಟ್ಟಿ ಮುಟ್ಟಸ್ತೀರೇನು?”

“ಮುಟ್ಟಸ್ತೇನಿ!”

ಕುರ್ಚಿಯನ್ನು ಗಾಡಿಯ ಚೂಪು ಬಾಲದ ಮೇಲೆ ಎತ್ತಿನ ಹಗ್ಗದಿಂದ ಬಿಗಿದರು. ಬಾಲ ಇಳಿಜಾರು ಇದ್ದದ್ದರಿಂದ ಅದು ಹಿಂದೆ ಮುಖ ಮಾಡಿಯೇ ಕೂತಿತು. ಉದ್ದವ್ವನನ್ನು ಅದರ ಮೇಲೆ ಏರಿಸಲು ನೆರೆದ ಮಂದಿಯಲ್ಲಿ ಅರ್ಧ ಬೇಕಾಯಿತು. ಬುತ್ತಿಗಂಟು ತೊಡೆಯ ಮೇಲೆ ಬಂತು. ಗಾಡಿ ಒಮ್ಮೆ ನರಳಿ ನೆಲ ಕಚ್ಚಿತು, ಆಮೇಲೆ ಗುಡ್ಡ ಹತ್ತತೊಡಗಿತು. ಮಂದಿ ಕೇಕೆ ಹಾಕಿದರು.

ಮೊದಲು ಉದ್ದವ್ವನಿಗೆ ಏನೂ ಕಾಣಲಿಲ್ಲ, ಹೆದರಿ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆದಾಗ ಸೀಮೆಯೆಲ್ಲ ಅವಳ ಕಾಲಡಿಯಲ್ಲಿ ಬಿಚ್ಚುತ್ತಿತ್ತು. ಹೊಳೆ, ಹೊಲ, ಹೊಗೆ ಏಳುವ ಊರುಗಳು. ಆದರೆ ಗಾಡಿಯ ಕುಲುಕಾಟಕ್ಕೆ ಯಾವುದೂ ಒಂದು ಕಡೆ ನಿಲ್ಲದು. “ಹಗೂರ! ರೀ, ಹಗೂರ!” ಎಂದು ಕೂಗಿದಳು.

ಪರಪ್ಪನಿಗೆ ಹಿಗ್ಗು. ಕಡೆಗೂ ಹೆಂಡತಿಗೆ ಪಂದ್ಯದ ಮರ್ಮ ತಿಳಿಯಿತಲ್ಲ ಎಂದು ಒಂದು ಬಾಗಿಲು ಕಿತ್ತೆಸೆದ. ಉದ್ದವ್ವನ ಪಕ್ಕದಲ್ಲೇ ಒಂದು ಬಾಳೆಗೊನೆ ಉರುಳಿಕೊಂಡು ಹೋಯಿತು.

“ಅಯ್ಯ! ಹಗೂರ ಅಂದ್ನೆಲ್ರೀ!”

ಎರಡನೇ ಬಾಳೆಗೊನೆಯೂ ಹೋಯಿತು. ಅವಳು ಮತ್ತೂ ಜೋರಾಗಿ ಕೂಗಿದಂತೆ ಅವನು ಕೂತಲ್ಲಿಂದಲೇ ಬಗ್ಗಿ ಪಪ್ಪಾಯಿಗಳನ್ನು ಕಿತ್ತ, ಕಾಲಡಿಯ ಚಾಪೆ ಎಳೆದ, ತಲೆಯ ರುಮಾಲು ಬಿಚ್ಚಿ ಗಾಳಿಗೆ ಬಿಟ್ಟ. ರುಮಾಲು ಬಂದು ಉದ್ದವ್ವನ ಮುಖಕ್ಕೆ ಸುತ್ತಿಕೊಂಡಿತು. ಅದನ್ನು ಕಿತ್ತು ತೆಗೆದಾಗ ಅವಳಿಗೆ ಎಲ್ಲ ತಿಳಿಯಿತು.

“ತಲಿ ಕೆಟ್ಟೇತೇನ್ರೀ ನಿಮಗ! ಹಗೂರ ಅಂದ್ರ ಸಾವಕಾಶ! ಇಷ್ಟ ವರ್ಷಾ ದಿನಾ ಬಾಗಿಲಿಗಿ ನಿಂತು ಅದನ್ನ ಹೇಳಿಕೋತ ಬಂದೇನಿ. ಸಾವಕಾಶ ಹೋಗ್ರಿ. ನನ್ನ ಅಪ್ಪನ ಗಿಡಾ ನೋಡಬೇಕ್ರಿ ನಾ.”

ಪರಪ್ಪ ಎದುರಿಗೆ ನೋಡಿದ. ಕೊನೆಯ ತಿರುವು ಮುಗಿದಿತ್ತು, ಸುಣ್ಣದ ಗೆರೆ ಬೆಳ್ಳಗೆ ಕಾಣುತ್ತಿತ್ತು, ಗಡಿಯಾರದವನು ಬೇಗ ಬೇಗ ಎಂದು ಕೈ ಬೀಸುತ್ತಿದ್ದ. ಇಷ್ಟೆಲ್ಲ ತಡವಾದರೂ ಡಾಕ್ಟರರ ಮುದಿ ಗಾಡಿಯನ್ನು ಹಿಂದೆ ಹಾಕಲು ಇನ್ನೂ ಹೊತ್ತಿತ್ತು. ಗೆರೆಗಿಂತ ಈಚೆಗೆ, ರಸ್ತೆಯ ಬಲಕ್ಕೆ, ಬಸವಣ್ಣನ ಕಟ್ಟೆ ಇತ್ತು. ಅವನು ವೇಗದ ಪೆಡಲಿನಿಂದ ಕಾಲು ಎತ್ತಿದ. ಗಾಡಿ ಹಗೂರವಾಗಿ ಕಟ್ಟೆಯ ಹತ್ತಿರ ಹೋಗಿ ನಿಂತಿತು.

ಉದ್ದವ್ವ ಕುರ್ಚಿಯಿಂದ ಇಳಿಯಲಿಲ್ಲ. ಬಹಳ ಹೊತ್ತು ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಪರಪ್ಪ ಪಕ್ಕಕ್ಕೆ ಬಂದು ನಿಂತು, “ಅಕಾ ಅಲ್ಲಿ, ಅದ ಕೌಜಲಗಿ” ಎಂದು ಬೊಟ್ಟು ಮಾಡಿದ.

“ಅದು ಕಲ್ಲೋಳಿರಿ. ನಿಮ್ಮೂರು ನಿಮಗ ಗೊತ್ತಿಲ್ಲೇನು?” ಅಂದಳು. ಆಮೇಲೆ ಅದರಾಚೆ, ಬಹಳ ದೂರದಲ್ಲಿ, ಧೂಳಿನ ಅಂಚಿನಲ್ಲಿ ಒಂದು ಹಸಿರು ಚುಕ್ಕೆ ಹಿಡಿದಳು. ಅದು ಬೇವೋ, ಜಾಲಿಯೋ, ಯಾರ ಹೊಲದ್ದೋ! ಅವಳ ಕಣ್ಣು ತುಂಬಿ ಬಂದವು. “ಕಾಣತೈತ್ರಿ. ನಮ್ಮ ಅಪ್ಪ ಖರೇನ ಹೇಳಿದ್ದ.”

ಪರಪ್ಪನಿಗೆ ಏನೂ ಕಾಣಲಿಲ್ಲ. “ಹೂಂ, ಕಾಣತೈತಿ” ಅಂದ.

ಮೇಲಿನಿಂದ ಗಡಿಯಾರದವನ ಕೂಗು ಕೇಳುತ್ತಲೇ ಇತ್ತು. ಉದ್ದವ್ವ ಕಣ್ಣೊರೆಸಿಕೊಂಡು ಅತ್ತ ಕತ್ತು ಹೊರಳಿಸಿದಳು. ರಸ್ತೆಗೆ ಅಡ್ಡಲಾಗಿ, ಒಂದು ಚಕ್ಕಡಿಯಷ್ಟು ದೂರದಲ್ಲಿ, ಬಿಳಿಯ ಗೆರೆ ಕಂಡಿತು.

“ಆ ಗೆರಿ ಏನ್ರಿ?” ಎಂದು ಕೇಳಿದಳು.

“ಏನಿಲ್ಲ ತಗೋ” ಅಂದ ಪರಪ್ಪ. “ಬುತ್ತಿ ಬಿಚ್ಚು.”