ಅರ್ಧ ಕಿಲೋ ಹೆಚ್ಚು

ಸ್ಪರ್ಧೆಗೆ ಹೆಸರು ಕೊಟ್ಟ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೊಪ್ಪದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದವಳು ಎದ್ದು ಹೋಗಿ ನೀರು ಕುಡಿಯುತ್ತಿದ್ದೆ, ಬಂದು ಕೂತು ಮತ್ತೆ ಏಳುತ್ತಿದ್ದೆ. ಪಕ್ಕದ ಹೋಟೆಲಿನಿಂದ ಒಗ್ಗರಣೆ ವಾಸನೆ ಬಂದರೆ ಕಿಟಕಿ ಹಾಕುತ್ತಿದ್ದೆ, ಸೆಕೆಯಾಗಿ ತೆಗೆಯುತ್ತಿದ್ದೆ, ತೆಗೆದದ್ದಕ್ಕೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ನಲವತ್ತು ದಾಟಿದ ಮೇಲೆ ಸೊಂಟ ಹಿಡಿದುಕೊಂಡು, ಬೆನ್ನು ಗಟ್ಟಿ ಮಾಡಿಕೊಳ್ಳಿ ಎಂದು ವೈದ್ಯರು ಹೇಳಿದ್ದರಿಂದ ಜಿಮ್ಮಿಗೆ ಹೋದವಳು ನಾನು. ಅಲ್ಲಿ ಕಲಿಸುವವಳು ಭಂಡಿಗಡಿ ಕಡೆಯ ಹುಡುಗಿ, ಕಾಲೇಜಿನಲ್ಲಿದ್ದಾಗ ಭಾರ ಎತ್ತಿ ಪದಕ ತಂದವಳು. ನೆಲದ ಮೇಲಿನ ಕಬ್ಬಿಣದ ಸಲಾಕೆಯನ್ನು ಸೊಂಟದವರೆಗೆ ಎತ್ತಿ ನಿಲ್ಲುವ ಡೆಡ್‌ಲಿಫ್ಟನ್ನು ಅವಳೇ ಹೇಳಿಕೊಟ್ಟಳು. ಮೊದಲ ಸಲ ಎತ್ತಿ ನಿಂತಾಗ ಆದ ಖುಷಿಯನ್ನು ಯಾರಿಗೂ ವಿವರಿಸಲಾಗದೆ ಅವತ್ತು ಬಸ್ಸಿನಲ್ಲಿ ಒಬ್ಬಳೇ ನಗುತ್ತ ಮನೆಗೆ ಬಂದಿದ್ದೆ.

ವರ್ಷದೊಳಗೆ ನರಸಿಂಹರಾಜಪುರದಲ್ಲಿ ಒಂದು ಡೆಡ್‌ಲಿಫ್ಟ್ ಸ್ಪರ್ಧೆ ಅಂತ ಗೊತ್ತಾಯಿತು. ಅಲ್ಲಿ ದೇಹದ ತೂಕ ನೋಡಿ ವರ್ಗ ಮಾಡುತ್ತಾರೆ. ನನ್ನ ತೂಕಕ್ಕೆ ಸಿಗುವ ವರ್ಗದಲ್ಲಿ ಗಟ್ಟಿ ಹೆಂಗಸರಿದ್ದರು. ಕೆಳಗಿನ ವರ್ಗಕ್ಕೆ ಇಳಿದರೆ ಪದಕ ನನ್ನದೇ ಎಂದು ಮನಸ್ಸು ಲೆಕ್ಕ ಹಾಕಿತು.

"ಇಳಿಸೋಣ ಅಕ್ಕ, ಆದ್ರೆ ನಿಧಾನ," ಅಂದಳು ಹುಡುಗಿ. "ಅನ್ನ ಸ್ವಲ್ಪ ಕಮ್ಮಿ ಮಾಡಿ, ಬಿಡಬೇಡಿ. ಪ್ರೋಟೀನ್ ಮಾತ್ರ ಪ್ರತಿ ಹೊತ್ತಿಗೂ ಬೇಕು. ಇಲ್ದಿದ್ರೆ ಕೊಬ್ಬಿನ ಜೊತೆ ಮಾಂಸಖಂಡನೂ ಹೋಗುತ್ತೆ. ಮೊಟ್ಟೆ ತಿಂದ್ರೆ ಸುಲಭ."

"ನಮ್ಮನೇಲಿ ಅದಾಗಲ್ಲ ಮಾರಾಯ್ತಿ."

"ಬಿಡಿ ಹಂಗಾದ್ರೆ. ಕಾಳಿಲ್ವಾ, ಮೊಸರಿಲ್ವಾ, ಪನೀರಿಲ್ವಾ? ಸೋಯಾ ಸಿಗುತ್ತಲ್ಲ?"

ನನಗೆ ನಿಧಾನ ಎಂಬ ಮಾತು ಹಿಡಿಸಲಿಲ್ಲ. ಮೊದಲು ರಾತ್ರಿಯ ಅನ್ನ ಬಿಟ್ಟೆ, ಆಮೇಲೆ ಬೆಳಗಿನ ತಿಂಡಿ. ತೂಕ ಸರಸರ ಇಳಿಯಿತು. ಬೆಳಿಗ್ಗೆ ಎದ್ದ ಕೂಡಲೇ ತೂಕದ ಯಂತ್ರ ಹತ್ತುವುದು, ಸ್ನಾನವಾದ ಮೇಲೊಮ್ಮೆ, ಬಸ್ಸಿಗೆ ಹೊರಡುವ ಮುಂಚೆ ಇನ್ನೊಮ್ಮೆ.

ನನ್ನ ಗಂಡ ಅಡುಗೆಯವರು. ಶೃಂಗೇರಿ ಸುತ್ತಿನ ಮದುವೆ, ಉಪನಯನ ಎಲ್ಲಕ್ಕೂ ಅವರನ್ನು ಕರೆಯುತ್ತಾರೆ. ಅಡ್ಡಗದ್ದೆಯ ನಮ್ಮ ಮನೆಗೆ ಅವರು ಬರಿಗೈಯಲ್ಲಿ ಬಂದದ್ದೇ ಇಲ್ಲ. ಒಂದು ದಿನ ತಂದ ಕಾಯಿಹೋಳಿಗೆಯನ್ನು ನಾನು ಮುಟ್ಟದೆ ಸೌತೆಕಾಯಿ ಹೆಚ್ಚುತ್ತ ನಿಂತಾಗ ಅವರು ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದರು.

"ಊರಿಗೆಲ್ಲ ಬಡಿಸ್ತೀನಿ," ಅಂದರು. "ನನ್ನ ಮನೇಲಿ ಮಾತ್ರ ತಿನ್ನೋರಿಲ್ಲ. ಎಂತಕ್ಕೆ ಇದೆಲ್ಲ?"

"ನಿಮಗೆ ಗೊತ್ತಾಗಲ್ಲ."

"ಗೊತ್ತಾಗೋ ಹಂಗೆ ಹೇಳೇ."

ನಾನು ಅಂಗಳಕ್ಕೆ ಹೋಗಿ ಆ ತುದಿಯಿಂದ ಈ ತುದಿಗೆ ನಡೆದೆ. ಆ ದಿನಗಳಲ್ಲಿ ನನ್ನ ಕೈಬೆರಳುಗಳು ತಣ್ಣಗಿರುತ್ತಿದ್ದವು, ಮುಟ್ಟು ನಿಂತು ಹೋಗಿತ್ತು, ಮಲಗಿದರೆ ನಿದ್ದೆ ಬರುತ್ತಿರಲಿಲ್ಲ. ತಲೆ ಬಾಚಿದರೆ ಹಣಿಗೆ ತುಂಬ ಕೂದಲು. ಲ್ಯಾಬಿನಲ್ಲಿ ಬೇರೆಯವರ ರಕ್ತ ನೋಡುವವಳು ನನ್ನದನ್ನು ನೋಡಿಕೊಳ್ಳುವ ಧೈರ್ಯ ಮಾಡಿರಲಿಲ್ಲ.

ಒಂದು ಸಂಜೆ ಜಿಮ್ಮಿನಲ್ಲಿ, ಹಿಂದಿನ ತಿಂಗಳು ಲೀಲಾಜಾಲವಾಗಿ ಎತ್ತಿದ್ದ ಭಾರ ನೆಲ ಬಿಟ್ಟು ಏಳಲೇ ಇಲ್ಲ. ಇನ್ನೊಮ್ಮೆ ಹಿಡಿದೆ. ಕಣ್ಣು ಕತ್ತಲೆ ಬಂದು ಅಲ್ಲೇ ಕೂತುಬಿಟ್ಟೆ.

"ಇವತ್ತು ಎಂತ ತಿಂದ್ರಿ?" ಹುಡುಗಿ ನನ್ನೆದುರು ಕುಕ್ಕರುಗಾಲಲ್ಲಿ ಕೂತು ಕೇಳಿದಳು.

"ಕಾಫಿ ಕುಡ್ದೆ. ಮಧ್ಯಾಹ್ನ ಮಜ್ಜಿಗೆ."

ಅವಳು ಬೈಯಲಿಲ್ಲ. "ಅಕ್ಕ, ಕೊಬ್ಬು ಕರಗ್ತಿಲ್ಲ, ನೀವೇ ಕರಗ್ತಿದೀರಿ," ಅಂದಳು. "ಭಾನುವಾರ ನಿಮ್ಮನೆಗೆ ಬರ್ತೀನಿ. ಅಣ್ಣನ ಹತ್ರ ಮಾತಾಡ್ಬೇಕು."

ಬಂದಳು. ನಾನು ಒಳಗೂ ಹೊರಗೂ ಓಡಾಡುತ್ತಿದ್ದರೆ ಅವರಿಬ್ಬರು ಅಡುಗೆಮನೆಯ ಕಟ್ಟೆಗೆ ಒರಗಿ ವಾದಕ್ಕೆ ನಿಂತರು. ನನ್ನ ಗಂಡ ತುಪ್ಪ ಬಿಡಲಾಗದು ಎಂದರು. ಒಂದು ಚಮಚ ಸಾಕು ಎಂದಳು ಅವಳು. ಹೆಸರುಕಾಳಿನ ಸಾರು ಮಾಡ್ತೀನಿ ಎಂದರೆ, ಸಾರಿನಲ್ಲಿ ಕಾಳು ಎಷ್ಟಿರುತ್ತೆ ಅಣ್ಣ, ನೀರೇ ಜಾಸ್ತಿ ಎಂದಳು. ಇವರಿಗೆ ರೇಗಿತು. "ನನ್ನ ಸಾರಿಗೆ ಯಾರೂ ಹಂಗೆ ಹೇಳಿದ್ದಿಲ್ಲ ಮಾರಾಯ್ತಿ!" ಆಮೇಲೆ ಅವರೇ ನಕ್ಕರು. "ಸರಿ, ಒಂದು ಹೊತ್ತಿಗೆ ಎಷ್ಟು ಬೇಕು ಹೇಳು. ರುಚಿ ನನಗೆ ಬಿಡು."

ಮೊದಲ ದಿನದ ಸೋಯಾ ಚಪ್ಪಲಿಯ ರಬ್ಬರಿನಂತಿತ್ತು. ನಾನು ಅಗಿಯುವುದನ್ನು ನೋಡಲಾರದೆ ಅವರು ಹಿತ್ತಿಲಿಗೆ ಹೋಗಿಬಿಟ್ಟರು. ಮರುದಿನ ಅದನ್ನು ಬಿಸಿನೀರಲ್ಲಿ ನೆನೆಸಿ, ಹಿಂಡಿ, ಹುಳಿಮೊಸರು ಮತ್ತು ಮೆಣಸಿನಪುಡಿಯಲ್ಲಿ ಇಟ್ಟು ಹುರಿದರು. ನಾನು ಇನ್ನೊಂದು ಸಲ ಹಾಕಿಸಿಕೊಂಡೆ. ಬೆಳಿಗ್ಗೆಗೆ ಹೆಸರುಕಾಳಿನ ದೋಸೆ, ಒಳಗೆ ಪನೀರು. ಮಧ್ಯಾಹ್ನದ ಬುತ್ತಿಗೆ ಕಡಲೆ ಉಸಲಿ, ಒಂದು ಹಿಡಿ ಅನ್ನ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು. ಮದುವೆ ಮನೆಗೆ ಹೋದ ದಿನವೂ ಮುಂಚೆ ಎದ್ದು ನನ್ನ ಬುತ್ತಿ ಕಟ್ಟಿಟ್ಟೇ ಹೋಗುತ್ತಿದ್ದರು.

ಭಾರ ಮತ್ತೆ ನೆಲ ಬಿಟ್ಟಿತು. ನಿದ್ದೆ ಬಂತು. ಆದರೆ ತೂಕದ ಯಂತ್ರದ ಮುಳ್ಳು ಕೊಂಚ ಮೇಲಕ್ಕೆ ಹೋದದ್ದೇ ನಾನು ಇಳಿದು ಮತ್ತೆ ಹತ್ತಿ ನೋಡತೊಡಗಿದೆ. ತಿನ್ನುವಾಗ ಹೆದರಿಕೆ, ತಿನ್ನದಿದ್ದರೆ ಇನ್ನೊಂದು ಹೆದರಿಕೆ.

ಸ್ಪರ್ಧೆಯ ದಿನ ಮೂವರೂ ಗಂಡನ ಗಾಡಿಯಲ್ಲಿ ನರಸಿಂಹರಾಜಪುರಕ್ಕೆ ಹೋದೆವು. ತೂಕಕ್ಕೆ ನಿಂತೆ. ಕೆಳಗಿನ ವರ್ಗಕ್ಕೆ ಬೇಕಾದ್ದಕ್ಕಿಂತ ಅರ್ಧ ಕಿಲೋ ಹೆಚ್ಚು. ಇನ್ನೊಂದು ಗಂಟೆ ಸಮಯವಿದೆ, ಇಳಿಸಿಕೊಂಡು ಬಂದರೆ ಮತ್ತೆ ತೂಗುತ್ತೇವೆ ಎಂದರು ಆಯೋಜಕರು. ಹೊರಗೆ ಮೈದಾನದಲ್ಲಿ ಇಬ್ಬರು ಹೆಂಗಸರು ದಪ್ಪ ಜಾಕೆಟ್ ತೊಟ್ಟು, ಬೆವರಿಳಿಸಿಕೊಳ್ಳಲು ಬಿಸಿಲಲ್ಲಿ ಓಡುತ್ತಿದ್ದರು. ಅಷ್ಟಾದರೂ ತೂಕ ಇಳಿಯಲೆಂದು ಆಗಾಗ ನಿಂತು ಬಾಯೊಳಗಿನ ಎಂಜಲನ್ನೂ ಉಗಿಯುತ್ತಿದ್ದರು.

"ನಿಮ್ಮಿಷ್ಟ ಅಕ್ಕ," ಅಂದಳು ಹುಡುಗಿ.

ನಾನೂ ಅವಳ ಜಾಕೆಟ್ ಇಸಿದುಕೊಂಡು ಓಡಿದೆ. ಬಾಯಿ ಒಣಗಿತು, ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಜಿಮ್ಮಿನ ನೆಲದ ಮೇಲೆ ಕುಸಿದು ಕೂತ ಆ ಸಂಜೆ ನೆನಪಾಯಿತು. ಮೈದಾನದ ಆಚೆ ಬದಿ ಮರದ ಕೆಳಗೆ ಗಂಡ ಬುತ್ತಿ ಹಿಡಿದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು, ಅಷ್ಟೇ. ನಾನು ಓಡುತ್ತ ಅವರ ಹತ್ತಿರ ಬಂದೆ, ನಿಂತೆ. ಜಾಕೆಟ್ಟಿನ ಜಿಪ್ ಕೆಳಗೆಳೆದು ಬಿಚ್ಚಿದೆ.

"ಮುಚ್ಚಳ ತೆಗೀರಿ," ಅಂದೆ.

ಮೊಸರನ್ನ ಇತ್ತು, ಬೆಲ್ಲ ಹಾಕಿದ ಶೇಂಗಾ ಉಂಡೆ ಇತ್ತು. ಮರದ ಬುಡದಲ್ಲಿ ಕೂತು ತಿಂದು, ಆಯೋಜಕರ ಬಳಿ ಹೋಗಿ ಮೇಲಿನ ವರ್ಗಕ್ಕೆ ಹೆಸರು ಬದಲಿಸಿಕೊಂಡೆ.

ಎತ್ತಲು ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲನೆಯದು ಸಲೀಸಾಗಿ ಆಯಿತು. ಎರಡನೆಯದರಲ್ಲಿ ಕೈ ಜಾರಿತು. ಮೂರನೆಯದಕ್ಕೆ ಹುಡುಗಿ ನನ್ನನ್ನು ಕೇಳದೆಯೇ ಭಾರ ಹೆಚ್ಚಿಸಿ ಬರೆಸಿ ಬಂದಿದ್ದಳು. ಜಿಮ್ಮಿನಲ್ಲಿ ನಾನೆಂದೂ ಎತ್ತದ ಭಾರ ಅದು. ಸಲಾಕೆ ಮೊಣಕಾಲಿನ ಬಳಿ ಬಂದು ನಿಂತೇ ಬಿಟ್ಟಿತು. ಜನರ ನಡುವಿನಿಂದ ಗಂಡನ ದನಿ ಕೇಳಿತು: "ಬಿಡಬೇಡ ಕಣೇ!" ಬಿಡಲಿಲ್ಲ. ಹೇಗೆ ನೆಟ್ಟಗೆ ನಿಂತೆನೋ ಗೊತ್ತಿಲ್ಲ, ಎತ್ತಿದ್ದು ಸರಿ ಎನ್ನುವ ತೀರ್ಪುಗಾರರ ಬಿಳಿ ದೀಪಗಳು ಹತ್ತಿದ್ದು ಕಂಡಿತು.

ಪದಕ ಬರಲಿಲ್ಲ, ನಾಲ್ಕನೆಯವಳಾದೆ. ಗೆದ್ದವಳು ನನಗಿಂತ ಬಹಳ ಮುಂದಿದ್ದಳು. ಕೆಳಗಿನ ವರ್ಗದಲ್ಲಿ ಮೊದಲು ಬಂದವಳು ಎತ್ತಿದ ಭಾರ ನಾನು ಎತ್ತಿದ್ದಕ್ಕಿಂತ ಕಡಿಮೆ ಎಂದು ತಿಳಿದಾಗ ಆಯೋಜಕರ ಪಟ್ಟಿಯನ್ನು ಎರಡು ಸಲ ಓದಿ ನೋಡಿದೆ. ಆದರೆ ಓಡಿ, ಒಣಗಿ ಆ ತೂಕಕ್ಕೆ ಇಳಿದಿದ್ದರೆ ಆ ಸಲಾಕೆ ನನ್ನ ಕೈಗೆ ಬರುತ್ತಿತ್ತೇ? ವಾಪಸ್ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಇವತ್ತಿಗೂ ಒಮ್ಮೊಮ್ಮೆ ಯೋಚನೆ ಬರುತ್ತದೆ.

ಗಾಡಿ ಓಡಿಸುತ್ತಿದ್ದ ಗಂಡ ಕೊಪ್ಪ ದಾಟಿದ ಮೇಲೆ ಕೇಳಿದರು, "ಅಲ್ಲ, ನಮ್ಮ ಪಾಯಸದ ಕೊಪ್ಪರಿಗೆ ಇಳಿಸೋಕೆ ನಾಲ್ಕು ಜನ ಬೇಕು. ಬುಧವಾರ ಮದುವೆ ಉಂಟು, ಬರ್ತೀಯಾ?"

"ಬಂದ್ರೆ ಪಾಯಸ ಕೊಡ್ತೀರಾ?"

"ಎಷ್ಟು ಕೊಡಬಹುದು ಅಂತ ಇವಳನ್ನೇ ಕೇಳ್ಬೇಕು," ಎಂದು ಅವರು ಹಿಂದಿನ ಸೀಟಿನ ಕಡೆ ತಿರುಗಿದರು. ಹುಡುಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.