ಅಡುಗೆಮನೆಯಿಲ್ಲದ ಟೀಚರುಗಳು

ಧಾರಾವಾಹಿ ನಿಂತುಹೋಯಿತು ಎಂಬ ಸುದ್ದಿ ಬಂದಾಗ ವಿಜ್ಞಾನದ ಟೀಚರು ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಎದೆಗವಚಿಕೊಂಡು ಶಾಲೆಯ ಮೆಟ್ಟಿಲು ಇಳಿಯುತ್ತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ರೇಟಿಂಗ್ ಮೇಲೇಳ್ತಾನೇ ಇಲ್ಲ. ಈ ವಾರದ್ದೇ ಕೊನೆ," ಎಂದ ನಿರ್ದೇಶಕ. ಅವಳ ಹಳೆಯ ವಿದ್ಯಾರ್ಥಿ. ಗಡ್ಡ ನರೆಯುತ್ತ ಬಂದಿದ್ದರೂ ಅವಳ ಹತ್ತಿರ ಮಾತಾಡುವಾಗ ಹೋಂವರ್ಕ್ ಮಾಡದೆ ಬಂದವನ ದನಿಯೇ.

"ಆ ಹೊತ್ತಿಗೆ ಏನು ಹಾಕ್ತಾರಪ್ಪ?"

"ಅಡುಗೆ ಶೋ, ಮೇಡಂ."

ನಗಬೇಕು ಅನ್ನಿಸಿತು. ನಗುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ. "ಆಯ್ತಪ್ಪ," ಎಂದು ಉಳಿದ ಮೆಟ್ಟಿಲು ಇಳಿದಳು.

ಶಾಲೆಯ ವಾರ್ಷಿಕೋತ್ಸವಕ್ಕೆ ವರ್ಷವರ್ಷವೂ ನಗೆ ನಾಟಕ ಬರೆದುಕೊಡುತ್ತಿದ್ದವಳು ಅವಳು. ಹೈಸ್ಕೂಲು ಟೀಚರುಗಳ ಮೇಲೆ ಹಾಸ್ಯ ಧಾರಾವಾಹಿ ಮಾಡಲು ಹೊರಟ ಆ ಹುಡುಗ ಅದನ್ನು ನೆನಪಿಟ್ಟುಕೊಂಡು ಹುಡುಕಿ ಬಂದಿದ್ದ. "ನಮ್ಮ ರೈಟರುಗಳಿಗೆ ಟೀಚರ್ ಅಂದ್ರೆ ಕನ್ನಡಕ, ಬೆತ್ತ, ಅಷ್ಟೇ ಮೇಡಂ. ಡೈಲಾಗು ನೀವು ಬರೀಬೇಕು." ಅವಳು ಬರೆದಳು. ಸಹೋದ್ಯೋಗಿಗಳು ಡೈಲಾಗ್ ಮೇಡಂ ಎಂದು ಹೆಸರಿಟ್ಟರು. ಸ್ಟಾಫ್ ರೂಮಿನಲ್ಲಿ ಯಾರಾದರೂ ಬಾಯಿ ತೆರೆದರೆ ಸಾಕು, ಪಕ್ಕದವರು ಎಚ್ಚರಿಸುತ್ತಿದ್ದರು: "ಹುಷಾರು, ಮುಂದಿನ ವಾರ ಟೀವೀಲಿ ಬರುತ್ತೆ."

ಅವಳಿಗೆ ತುಂಬ ಇಷ್ಟವಾದ ದೃಶ್ಯವೊಂದಿತ್ತು. ಬಿಡುವಿನ ಪೀರಿಯಡ್‌ನಲ್ಲಿ ಟೀಚರುಗಳು ಮೇಜಿನ ಕೆಳಗೆ ತೊಡೆಯ ಮೇಲೆ ಚೀಲವಿಟ್ಟುಕೊಂಡು ಬಟಾಣಿ ಬಿಡಿಸುತ್ತಾರೆ. ಮೇಜಿನ ಮೇಲೆ ಕೆಂಪು ಪೆನ್ನು ಓಡುತ್ತಿರುತ್ತದೆ. ಹೆಡ್ ಮೇಡಂ ಬಂದರೆ ಚೀಲ ಮಾಯ. ಅವಳ ಶಾಲೆಯಲ್ಲಿ ದಿನವೂ ನಡೆಯುವ ಸಂಗತಿ. ಸಂಜೆ ಮನೆ ಸೇರುವಷ್ಟರಲ್ಲಿ ಬೆಳ್ಳುಳ್ಳಿಯೋ ಬಟಾಣಿಯೋ ಸುಲಿದು ಮುಗಿದಿದ್ದರೆ ಅಷ್ಟರ ಮಟ್ಟಿಗೆ ಬದುಕು ಹಗುರ. ಚಾನೆಲ್‌ನವರು ಅದನ್ನು ಕತ್ತರಿಸಿ ಹಾಕಿದರು. "ಟೀಚರ್ ಇಮೇಜ್ ಏನಾಗುತ್ತೆ ಮೇಡಂ?" ಆ ಟೀಚರುಗಳ ಮನೆಯನ್ನಾದರೂ ತೋರಿಸೋಣ ಎಂದರೆ ಅಡುಗೆಮನೆಯ ಸೆಟ್ ಹಾಕಲು ಬಜೆಟ್ ಇಲ್ಲವಂತೆ. ಹಾಗಾಗಿ ಧಾರಾವಾಹಿಯ ಟೀಚರುಗಳು ಸ್ಟಾಫ್ ರೂಮಿನಲ್ಲೇ ಚಹಾ ಕುಡಿಯುತ್ತ, ಜಗಳವಾಡುತ್ತ, ನಗುತ್ತ ಇದ್ದುಬಿಟ್ಟರು. ಅವರು ಮನೆಗೆ ಹೋಗಲೇ ಇಲ್ಲ. ಬರೆಯುತ್ತ ಬರೆಯುತ್ತ ಅವಳಿಗೆ ಅವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಬರೆಯಲು ಒಪ್ಪಿಕೊಂಡ ದಿನ ಗಂಡ ದೊಡ್ಡ ಮನಸ್ಸು ಮಾಡಿದ್ದ. "ಬರಿ, ಬರಿ. ಸೀರಿಯಲ್ ಇರೋವರೆಗೆ ಸಂಜೆ ಅಡುಗೆ ಚಿಂತೆ ನಿಂಗೆ ಬೇಡ. ನಾವು ನೋಡ್ಕೋತೀವಿ." ಮೊದಲ ವಾರ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಬಳಸಿ ಮೊಟ್ಟೆ ಹುರಿದ. ಎರಡನೇ ವಾರ ಆಫೀಸಿನಲ್ಲಿ ಕೆಲಸ ಹೆಚ್ಚಾಯಿತು. ಆಮೇಲೆ ಆ 'ನಾವು' ಕರಗಿ ಅದರಲ್ಲಿ ಅತ್ತೆಯೊಬ್ಬರೇ ಉಳಿದರು, ಅವರ ನೋಯುವ ಮಂಡಿಯ ಸಮೇತ.

ಅವಳಿಗೆ ಸಿಕ್ಕಿದ್ದು ಇಸ್ತ್ರಿ ಬಟ್ಟೆ ರಾಶಿ ಹಾಕುವ ಚಿಕ್ಕ ಕೋಣೆ, ಅದರೊಳಗೊಂದು ಮೇಜು, ಬಾಗಿಲಿಗೊಂದು ಚಿಲಕ. ಮದುವೆಯಾದಾಗಿನಿಂದ ಸ್ನಾನದ ಮನೆ ಬಿಟ್ಟರೆ ಅವಳು ಚಿಲಕ ಹಾಕಿಕೊಂಡ ಜಾಗ ಅದೊಂದೇ.

ಧಾರಾವಾಹಿ ನಿಂತ ಸುದ್ದಿ ಬಂದ ದಿನ ಮನೆಗೆ ಬಂದವಳು ಹೇಳೋಣ ಎಂದೇ ಬಾಯಿ ತೆರೆದಳು. ಗಂಡ ಟೀವಿಯಲ್ಲಿ ಸುದ್ದಿವಾಹಿನಿಯ ಕೂಗಾಟ ನೋಡುತ್ತಿದ್ದ. "ಬರೆಯೋಕೆ ಲೇಟಾಗಲ್ವಾ?" ಎಂದ, ತಿರುಗಿ ನೋಡದೆ. ಅವಳ ಬಾಯಿ ತಾನಾಗಿ ಮುಚ್ಚಿತು. ಕೋಣೆಗೆ ಹೋಗಿ ಚಿಲಕ ಹಾಕಿದಳು. ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಮರುದಿನವೂ ಅದೇ. ಅದರ ಮರುದಿನವೂ. ಕೊನೆಯ ಕಂತೂ ಬಂದು ಹೋಯಿತು. ಈ ವಾರ ಸೀರಿಯಲ್ ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳುತ್ತಾರೆ ಅಂತ ಕಾದಳು. ಯಾರೂ ಕೇಳಲಿಲ್ಲ. ಹೋಗುತ್ತ ಹೋಗುತ್ತ ಅವಳಿಗೆ ಅರ್ಥವಾಯಿತು: ಮನೆಯಲ್ಲಿ ಅದನ್ನು ನೋಡುತ್ತಿದ್ದವರೇ ಇಲ್ಲ. ಮೊದಲು ಎದೆ ಚುರುಕ್ಕೆಂದಿತು. ಆಮೇಲೆ, ಒಳ್ಳೆಯದೇ ಆಯಿತು ಎನಿಸಿತು. ನೋಡುವವರಿಲ್ಲದಿದ್ದರೆ ಮುಗಿದದ್ದು ಯಾರಿಗೆ ತಿಳಿಯಬೇಕು? ಇಷ್ಟು ವರ್ಷಗಳ ನಿದ್ದೆಯ ಬಾಕಿಯನ್ನು ಅವಳು ಆ ಮರದ ಕುರ್ಚಿಯ ಮೇಲೆ ಚೂರುಚೂರೇ ತೀರಿಸಿಕೊಂಡಳು.

ಆದರೆ ನಿದ್ದೆಯಲ್ಲೂ ಕಿವಿ ಅಡುಗೆಮನೆಯ ಕಡೆಗೇ ಇರುತ್ತಿತ್ತು. ಡಬ್ಬಿ ತೆಗೆಯಲು ಬಗ್ಗಿದಾಗ ಅತ್ತೆ "ಅಮ್ಮಾ" ಎನ್ನುವುದು, ಗೋಡೆ ಹಿಡಿದು ಏಳುವುದು, ಎಲ್ಲ ಕೇಳಿಸುತ್ತಿತ್ತು. ತಾನು ಗೊರಕೆ ಹೊಡೆಯುತ್ತಿರುವುದು ಗಂಡನ ಲೆಕ್ಕದಲ್ಲಲ್ಲ, ಈ ಮುದುಕಿಯ ಮಂಡಿಯ ಲೆಕ್ಕದಲ್ಲಿ. ಹೇಳಿದರೆ ಸಂಜೆ ಹೋಗುತ್ತದೆ. ಹೇಳದಿದ್ದರೆ ಆ "ಅಮ್ಮಾ" ಬಿಡುವುದಿಲ್ಲ. ಒಂದು ಸಂಜೆ ತಡೆಯಲಾರದೆ ಚಿಲಕ ತೆಗೆದು ಅಡುಗೆಮನೆಗೆ ಹೋದಳು.

ಅತ್ತೆ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು.

"ಅತ್ತೆ, ಒಂದು ಮಾತು. ಆ ಸೀರಿಯಲ್ ನಿಂತೋಯ್ತು."

"ಗೊತ್ತು," ಎಂದರು ಅತ್ತೆ, ಚಾಕು ನಿಲ್ಲಿಸದೆ.

"ಗೊತ್ತಾ? ಹೇಗೆ?"

"ನೋಡ್ತಿದ್ನಲ್ಲ, ಫೋನಲ್ಲಿ. ಆ ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಕೊಂಡು. ನನ್ನ ಬೈಗುಳನೆಲ್ಲ ಆ ಹೆಡ್ ಮೇಡಂ ಬಾಯಿಗೆ ಹಾಕಿದೀಯಲ್ಲ, ಒಂದು ಮಾತು ಕೇಳೋದು ಬೇಡ್ವಾ?"

ಅವಳ ಮುಖ ಕೆಂಪಾಯಿತು. "ತಪ್ಪು ತಿಳ್ಕೋಬೇಡಿ..."

"ತಪ್ಪೇನು ಬಂತು? ಚೆನ್ನಾಗೇ ಇತ್ತು. ನಾನು ಬೈದ್ರೆ ಈ ಮನೇಲಿ ಯಾರೂ ನಗಲ್ಲ, ಅವಳು ಬೈದ್ರೆ ಎಲ್ಲರೂ ನಗ್ತಿದ್ರು."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ನೀವು? ಮಂಡಿ ನೋವಿಟ್ಕೊಂಡು..."

ಅತ್ತೆ ಚಾಕು ಕೆಳಗಿಟ್ಟರು. "ಹೇಳಿದ್ರೆ ನೀನು ಎದ್ದು ಬರ್ತಿದ್ದೆ. ಅವನು ಬರ್ತಿರ್ಲಿಲ್ಲ. ನನ್ನ ಕಾಲಂತೂ ಹೋಯ್ತು, ನಿಂದೂ ಇಲ್ಲೇ ಹೋಗ್ಲಿ ಅಂತ ಹೇಳ್ಬೇಕಿತ್ತಾ?"

ಅವಳು ಚಾಕುವಿಗೆ ಕೈ ಚಾಚಿದಳು. ಅತ್ತೆ ಅದನ್ನು ಆಚೆ ಸರಿಸಿದರು. "ಬೇಡ. ನೀನು ಹಿಡಿದ್ಯೋ, ಮುಗೀತು. ನನ್ನನ್ನ ಎಬ್ಬಿಸು, ಸಾಕು."

ಇಬ್ಬರೂ ಹೊರಗೆ ಬಂದು ಹಜಾರದಲ್ಲಿ ಕೂತರು. ಗಂಡ ಅವರನ್ನು ನೋಡಿದ, ಗಡಿಯಾರ ನೋಡಿದ. "ಏನು, ಅಡುಗೆ ಆಯ್ತಾ?"

"ಸೀರಿಯಲ್ ಮುಗೀತಂತೆ ಕಣೋ," ಎಂದರು ಅತ್ತೆ.

"ಹೌದಾ? ಅಯ್ಯೋ ಪಾಪ." ಮರುಕ್ಷಣವೇ ಅವನ ಮುಖ ಅರಳಿತು. "ಹಾಗಾದ್ರೆ ಇನ್ನು ಸಂಜೆ ಇವಳು ಫ್ರೀ."

"ಇಲ್ಲ," ಎಂದಳು ಅವಳು. ಗಟ್ಟಿಯಾಗಿ ಹೇಳುವ ಶಕ್ತಿ ಇರಲಿಲ್ಲ, ಮೆಲ್ಲಗೇ ಹೇಳಿದಳು. "ಸೀರಿಯಲ್ ಮುಗೀತು ರೀ. ನನ್ನ ಸುಸ್ತು ಮುಗಿದಿಲ್ಲ. ಅತ್ತೆಗೂ ಮಂಡಿ ನೋವು, ಆಗ್ತಿಲ್ಲ. ಈರುಳ್ಳಿ ಅರ್ಧ ಹೆಚ್ಚಿದೆ, ನೋಡಿ."

ಅವನು ತಾಯಿಯ ಕಡೆ ನೋಡಿದ. ತಾಯಿ ಟೀವಿಯ ಕಡೆ ನೋಡುತ್ತಿದ್ದರು. ಗೊಣಗುತ್ತ ಎದ್ದುಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು: "ಉಪ್ಪೆಲ್ಲಿದೆ?" ಅವಳು ಹೇಳಿದಳು. "ಎಣ್ಣೆ?" ಹೇಳಿದಳು. "ಅಕ್ಕಿಗೆ ನೀರೆಷ್ಟು?" ಅದನ್ನೂ ಹೇಳಿದಳು. ಕೂತಲ್ಲೇ ತಾನು ಅಡುಗೆ ಮಾಡುತ್ತಿದ್ದೇನೆ, ಕೈಯೊಂದು ಮಾತ್ರ ಅವನದು ಎಂದು ಅವಳಿಗೆ ಅನ್ನಿಸತೊಡಗಿತು.

"ಖಾರದ ಪುಡಿ ಯಾವ ಡಬ್ಬೀಲಿ?"

ಅವಳ ಬಾಯಿ ತೆರೆದಿತ್ತು. ಅತ್ತೆ ಅವಳ ಮೊಣಕೈ ಹಿಡಿದರು. "ಸುಮ್ನಿರು. ತೆಗೆದು ನೋಡ್ಲಿ."

ಒಳಗೆ ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆರೆದುಕೊಳ್ಳುವ ಸದ್ದು ಶುರುವಾಯಿತು. ಅವಳು ಕುರ್ಚಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು.