ಕಂಪ್ಯೂಟರಿಗೆ ಕಾಣದ ಡಬ್ಬಿ

ಕೇಬಲ್ಲು ಸತ್ತಿರಬಹುದು. ಲ್ಯಾಪ್‌ಟಾಪಿನ ತೂತು ಸಡಿಲಾಗಿರಬಹುದು. ವಿಂಡೋಸ್ ಹಳೆಯದಿರಬಹುದು, ಇಲ್ಲವೆ ಹೊಸದಾಗಿದ್ದೇ ತಪ್ಪಾಗಿರಬಹುದು. ಗಾಡಿಯ ಬ್ಯಾಟರಿ ಇಳಿದಿರಬಹುದು. ಅರ್ಥಿಂಗ್ ವಯರು ಲೋಹಕ್ಕೆ ತಾಕದೆ ಬಣ್ಣದ ಮೇಲೆ ಕೂತಿರಬಹುದು. ವೈರಸ್ ಕಾಯುವ ಪ್ರೋಗ್ರಾಮು ನಮ್ಮ ಡಬ್ಬಿಯನ್ನೇ ವೈರಸ್ ಅಂದುಕೊಂಡಿರಬಹುದು. ಡಬ್ಬಿ ನಕಲಿ ಇರಬಹುದು. ಮಾರಿದವನು ಕಳ್ಳನಿರಬಹುದು. ಕೊಂಡವನು ಮೂರ್ಖನಿರಬಹುದು. ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹಾಳೆಯಲ್ಲಿ ಬರೆದುಕೊಂಡೆ. ಕೊನೆಯದು ಬರೆಯದೆಯೂ ನೆನಪಿರುವಂಥದ್ದು.

ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ನನ್ನದೊಂದು ಮೋಟರ್‌ಸೈಕಲ್ ಗ್ಯಾರೇಜು. ಚಿಂತೆ ಮಾಡುವುದು ನನ್ನ ಕಸುಬು. ರಿಪೇರಿ ಅದರ ನಡುವೆ ಬಿಡುವಾದಾಗ ಮಾಡುವ ಕೆಲಸ. ನಾನು ಹೇಳುತ್ತಿರುವುದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಕಾರ್ಬುರೇಟರ್ ಇಲ್ಲದ ದೊಡ್ಡ ಗಾಡಿಗಳು ಆಗ ನಮ್ಮ ಕಡೆಗೂ ಬರತೊಡಗಿದ್ದವು. ಅವುಗಳಿಗೆ ಎಷ್ಟು ಪೆಟ್ರೋಲು ಕುಡಿಸಬೇಕೆಂದು ಒಳಗಿನ ಸಣ್ಣ ಕಂಪ್ಯೂಟರೊಂದು ನಿರ್ಧರಿಸುತ್ತದೆ. ಹುನ್ನೂರಿನ ಗಿರಾಕಿಯೊಬ್ಬರು ಇದ್ದ ಒಳ್ಳೆಯ ಸೈಲೆನ್ಸರ್ ಕಿತ್ತೆಸೆದು, ಎಮ್ಮೆಗಳು ಹಗ್ಗ ಹರಿದುಕೊಂಡು ಓಡುವಂಥ ಸದ್ದಿನದೊಂದನ್ನು ಹಾಕಿಸಿಕೊಂಡಿದ್ದರು. ಅದರಿಂದ ಪೆಟ್ರೋಲಿನ ಅಳತೆ ತಪ್ಪಿ ಗಾಡಿ ಏರಿನಲ್ಲಿ ಮುದುಕನ ಹಾಗೆ ಕೆಮ್ಮುತ್ತಿತ್ತು. ಇಂಥದಕ್ಕೆಂದೇ ನಾನು ತರಿಸಿದ್ದ, ಅಂಗೈಯಷ್ಟಿನ ಆ ಕರಿ ಡಬ್ಬಿಯನ್ನು ಗಾಡಿಯ ವಯರಿಗೆ ಜೋಡಿಸಿ, ಅಲ್ಲಿಂದ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಕೊಟ್ಟು, ಪರದೆಯ ಮೇಲಿನ ಗೆರೆ ನೋಡುತ್ತ ಅಳತೆ ಸರಿಪಡಿಸಬೇಕು. ಪುಸ್ತಕದಲ್ಲಿ ಹಾಗಿದೆ. ನಮ್ಮಲ್ಲಿ ಡಬ್ಬಿಯ ಹಸಿರು ದೀಪ ಮದುವೆಮನೆಯ ಹಾಗೆ ಉರಿಯುತ್ತಿತ್ತು, ಲ್ಯಾಪ್‌ಟಾಪು ಮಾತ್ರ ಯಾವ ಡಬ್ಬಿಯೂ ತನಗೆ ಕಾಣುತ್ತಿಲ್ಲ ಎಂದು ಮೂರು ದಿನದಿಂದ ಹೇಳುತ್ತಿತ್ತು.

ಡಬ್ಬಿ ತಂದದ್ದು ಹೊಸ ಗಾಡಿಗಳಿಗಾಗಿ ಎಂದು ಊರಿಗೆಲ್ಲ ಹೇಳಿದ್ದೆ. ಖರೆ ಹೇಳಬೇಕೆಂದರೆ ಅದು ಕಾಕಾನಿಗಾಗಿ. ಕಾಕಾ ಎಂದರೆ ನಮ್ಮ ಅಪ್ಪನ ಕಾಲದಿಂದ ಗ್ಯಾರೇಜಿನಲ್ಲಿರುವ ಮಿಸ್ತ್ರಿ. ದಿನಾ ಬೀಳಗಿ ಕಡೆಯಿಂದ ಮೊದಲ ಬಸ್ಸಿಗೆ ಬರುವವನು. ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ ಇಟ್ಟು ಕಣ್ಣು ಮುಚ್ಚಿದನೆಂದರೆ ಒಳಗೆ ಯಾವ ಬೇರಿಂಗು ಅಳುತ್ತಿದೆ ಎಂದು ಹೇಳುತ್ತಿದ್ದ. ಆ ಕಿವಿ ಈಗ ಹೋಗಿತ್ತು. ಗಟ್ಟಿಯಾಗಿ ಆಡಿದ ಮಾತು ಕೇಳುತ್ತಿತ್ತು, ಇಂಜಿನ್ನಿನ ಸಣ್ಣ ಸದ್ದು ಕೇಳುತ್ತಿರಲಿಲ್ಲ. ಹಿಂದಿನ ತಿಂಗಳು ಚಿಮ್ಮಡದ ಮಾಸ್ತರರ ಗಾಡಿಯನ್ನು ಮೂರು ಸಲ ಟ್ಯೂನ್ ಮಾಡಿ ಮೂರು ಸಲವೂ ತಪ್ಪಿದ್ದ. ಮಾಸ್ತರರು ನಕ್ಕರು. ಕಾಕಾ ನಗಲಿಲ್ಲ. ಕಿವಿ ಹೋದವನಿಗೆ ಕಣ್ಣಿನಿಂದ ಮಾಡುವ ಕೆಲಸ ಸಿಕ್ಕರೆ ಉಳಿದಾನು ಎಂದು ನಾನು ಡಬ್ಬಿ ತರಿಸಿದೆ. ಹಾಗೆಂದು ಅವನೆದುರು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ಹೇಳದಿದ್ದರೂ ಅವನಿಗೆ ತಿಳಿದಿತ್ತು.

"ತಮ್ಮಾ, ಈ ಡಬ್ಬಿ ಮಾತಾಡಿದ್ರ ನಾ ಇರ್ತೇನಿ," ಶುಕ್ರವಾರ ಇಡೀ ರಸ್ತೆಗೆ ಕೇಳುವ ದನಿಯಲ್ಲಿ ಅಂದ. "ಇಲ್ಲಂದ್ರ ಸೋಮವಾರದಿಂದ ಬರಂಗಿಲ್ಲ. ನಿಂಗೂ ಸುಮ್ನ ಹೊರಿ ಯಾಕ?"

"ಕಾಕಾ, ಹಂಗ್ಯಾಕ ಮಾತಾಡ್ತಿ?"

"ಮತ್ತ ಹೆಂಗ ಮಾತಾಡ್ಲಿ? ನಿನ್ನ ಡಬ್ಬಿಯಂಗ ಸುಮ್ನ ದೀಪಾ ಹಚಗೊಂಡ ಕುಂಡ್ರಲೇನು?"

ಶನಿವಾರ ಬನಹಟ್ಟಿಯಿಂದ ನನ್ನ ಹೆಂಡತಿಯ ತಮ್ಮ ಬಂದ. ಮಗ್ಗದ ಸೀರೆಯಂಚಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸಿಕೊಡುವವನು. ಪರದೆಯ ಮೇಲೆ ನವಿಲು ಬಿಡಿಸಲು ಬರುವವನಿಗೆ ಜಗತ್ತಿನ ಎಲ್ಲ ಯಂತ್ರಗಳೂ ತಿಳಿಯುತ್ತವೆಂಬುದು ಅವನ ನಂಬಿಕೆ. ದುರ್ದೈವದಿಂದ ನನ್ನ ಹೆಂಡತಿಯದೂ ಅದೇ. ಬಂದವನೇ ಲ್ಯಾಪ್‌ಟಾಪನ್ನು ಮುಚ್ಚಿ ತೆರೆದ. ಬಂದ್ ಮಾಡಿ ಚಾಲೂ ಮಾಡಿದ. ಇದ್ದ ಸಾಫ್ಟ್‌ವೇರ್ ಕಿತ್ತು, ಅದನ್ನೇ ಮತ್ತೆ ಹಾಕಿದ. ಎರಡು ಚಹಾ ಕುಡಿದ.

"ಮಾಮಾ, ನಿಮ್ಮ ಗಾಡಿನ ಬರೋಬ್ಬರಿ ಇಲ್ರಿ."

"ಗಾಡಿ ನನ್ದಲ್ಲೊ. ಹುನ್ನೂರವ್ರದು."

"ಹಂಗಾದ್ರ ಹುನ್ನೂರವ್ರ ಗಾಡಿ ಬರೋಬ್ಬರಿ ಇಲ್ರಿ."

ಇಷ್ಟು ವಿದ್ಯೆಗೆ ಎರಡು ಚಹಾ ಹೆಚ್ಚಾಯಿತು ಎನಿಸಿತು.

ಡಬ್ಬಿ ಮಾರಿದವನಿಗೆ ಫೋನ್ ಹಚ್ಚಿದೆ. ಅವನು ದೊಡ್ಡ ಊರಿನವನು. ಅವನ ನಯವೇ ನನಗೆ ಮೊದಲ ಅನುಮಾನ. "ಸರ್, ಕೇಬಲ್ ತೆಗೆದು ಮತ್ತೆ ಹಾಕಿ ನೋಡಿದ್ರಾ?" ಎಂದ. ಹಾಕಿದೆ ಎಂದೆ. "ಇನ್ನೊಂದ್ಸಲ ಹಾಕಿ ನೋಡಿ ಸರ್." ಹಾಕಿದೆ. "ದೀಪ ಉರೀತಿದೆಯಾ? ಹಾಗಾದ್ರೆ ಡಿವೈಸ್ ಚೆನ್ನಾಗೇ ಇದೆ ಸರ್." ಉರಿಯುವುದೆಲ್ಲ ಚೆನ್ನಾಗಿರುವುದಾದರೆ ನನ್ನ ಹೊಟ್ಟೆಯೂ ಚೆನ್ನಾಗಿತ್ತು.

ಆ ದೀಪವೇ ನಮ್ಮನ್ನೆಲ್ಲ ಕೆಡಿಸಿದ್ದು. ಅದಕ್ಕೆ ಕರೆಂಟು ಬರುವುದು ಗಾಡಿಯ ಬ್ಯಾಟರಿಯಿಂದ. ಲ್ಯಾಪ್‌ಟಾಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಪುಸ್ತಕದ ನಾಲ್ಕನೆಯ ಪುಟದಲ್ಲಿತ್ತು. ನಾನು ಮೊದಲ ಎರಡು ಪುಟದ ಎಚ್ಚರಿಕೆಗಳನ್ನು ಓದಿ, ಶಾಕ್ ಹೊಡೆದರೇನು ಗತಿ ಎಂಬ ಚಿಂತೆಯಲ್ಲಿ ಮುಂದಕ್ಕೆ ಹೋಗಿರಲಿಲ್ಲ. ಶನಿವಾರ ಮಧ್ಯಾಹ್ನ ಓದಿದೆ. ಓದಿದ ಮೇಲೆ, ಯಾರೂ ನೋಡದೆ ಉಳಿದದ್ದು ಡಬ್ಬಿಯಲ್ಲಿ ಕೇಬಲ್ ಹೋಗುವ ತೂತು ಒಂದೇ. ಕೇಬಲ್ಲು ಕೂಡುವಾಗ ಬರಬೇಕಾದ ಟಕ್ ಎಂಬ ಸದ್ದು ಬರುತ್ತಿಲ್ಲವೆಂಬುದು ಆಗ ಹೊಳೆಯಿತು. ಕಾಕಾನ ಕಿವಿ ಮೊದಲಿನಂತಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ನನ್ನ ಎರಡು ಗಟ್ಟಿ ಕಿವಿಗಳು ಮೂರು ದಿನ ಏನು ಮಾಡುತ್ತಿದ್ದವೋ.

ಚಾಳೀಸು ಏರಿಸಿಕೊಂಡು ಡಬ್ಬಿಯನ್ನು ಬಿಸಿಲಿಗೆ ಹಿಡಿದೆ. ತೂತಿನೊಳಗೆ ಹಳದಿ. ತುಕ್ಕು ಎಂದುಕೊಂಡೆ, ಹೊಸ ಡಬ್ಬಿಗೆ ತುಕ್ಕೆಲ್ಲಿಯದು? ಪಿನ್ನಿನಿಂದ ಮೆಲ್ಲಗೆ ಕೆದರಿದಾಗ ಗಟ್ಟಿಯಾಗಿ ಕೂತಿದ್ದ ಪುಡಿ ಹಾಳೆಯ ಮೇಲೆ ಉದುರಿತು. ಮೂಸಿದೆ. ಅರಿಷಿಣ.

ಕಾಕಾ ಬೀರೇಶ್ವರನ ಒಕ್ಕಲು. ಅಂಗಿಯ ಒಳಜೇಬಿನಲ್ಲಿ ಭಂಡಾರದ, ಅಂದರೆ ದೇವರ ಅರಿಷಿಣದ, ಚೀಲವಿಲ್ಲದೆ ಅವನು ಬಸ್ಸು ಹತ್ತಿದ್ದನ್ನು ನಾನು ನೋಡಿಲ್ಲ. ಡಬ್ಬಿ ಎತ್ತಿ ತೋರಿಸಿದೆ. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

"ಹೊಸಾ ಹತ್ಯಾರ. ಭಂಡಾರ ಹಚ್ಚದ ಹೆಂಗ ಹಿಡಿಯೂದು?"

"ಮ್ಯಾಲ ಹಚ್ಚಬೇಕಿತ್ತಲ್ಲೊ ಕಾಕಾ!"

"ಮ್ಯಾಲ ಹಚ್ಚಿದ್ರ ನೀ ಬಿಡ್ತಿದ್ದಿ? ಗಳಿಗಿಗೊಮ್ಮಿ ಅರಬಿ ತಗೊಂಡ ಒರಸ್ತಿ. ಹೋದ ಸಲಾ ಗಾಳಿ ಪಂಪಿಗೆ ಹಚ್ಚಿದ್ದು ಸಂಜಿತನಾ ಸೈತ ಉಳಿಲಿಲ್ಲ." ಆಮೇಲೆ ಅವನಿಗೆ ಸಣ್ಣದಾದರೂ ನಮಗೆ ಚೆನ್ನಾಗಿ ಕೇಳುವ ದನಿಯಲ್ಲಿ ಅಂದ: "ಅದಕ್ಕೊಂದ ಬಾಯಿ ಕಂಡ್ತು. ಬಾಯಾಗ ಹಾಕಿದೆ. ಕೈ ಬಿಡಬ್ಯಾಡಪಾ ಅಂದೆ."

ಹೆಂಡತಿಯ ತಮ್ಮ ನಗಲು ಬಾಯಿ ತೆರೆದ. ನಾನು ಅವನತ್ತ ನೋಡಿದೆ, ಮುಚ್ಚಿಕೊಂಡ. ಶುಕ್ರವಾರ ಕಾಕಾ ಬೈಯುತ್ತಿದ್ದುದು ತಾನು ಕೈ ಮುಗಿದು ಬೇಡಿಕೊಂಡಿದ್ದ ಡಬ್ಬಿಗೆ. ಅವನಿಗೆ ಕೆಲಸ ಬೇಡವಾಗಿದೆ ಎಂದು ಇಡೀ ರಾತ್ರಿ ಚಿಂತೆ ಮಾಡಿದ ನನ್ನ ಜಾಣತನಕ್ಕೆ ಯಾವ ಸಾಫ್ಟ್‌ವೇರೂ ಇಲ್ಲ.

ಹಲ್ಲುಜ್ಜುವ ಬ್ರಷ್ಷಿನಿಂದ ತೂತನ್ನು ಉಜ್ಜಿ, ಮೆತ್ತಗೆ ಗಾಳಿ ಹೊಡೆದು ಕೇಬಲ್ಲು ಚುಚ್ಚಿದೆ. ಟಕ್ ಅಂದಿತು. ಪರದೆಯ ಮೇಲೆ ಗೆರೆಗಳು ಎದ್ದು ನಿಂತವು. ಕಾಕಾ ಸ್ಟೂಲು ಎಳೆದುಕೊಂಡು, ಹೆಂಡತಿಯ ತಮ್ಮನನ್ನು ಮೊಣಕೈಯಿಂದ ಸರಿಸಿ ಲ್ಯಾಪ್‌ಟಾಪಿನ ಎದುರಿಗೇ ಕೂತ.

"ಸರೀಲೇ ಅತ್ತಾಗ. ಈ ಕೆಂಪ ಗೆರಿ ಯಾಕ ಕುಣ್ಯಾಕತ್ತೈತಿ?"

"ಅಲ್ಲೆ ಪೆಟ್ರೋಲ ಕಡಿಮಿ ಆಗೈತ್ರಿ ಕಾಕಾ."

"ಹೌದಲಾ! ಏರಿನ್ಯಾಗ ಕೆಮ್ಮೂದು ಇದ ನೋಡು." ಹಿಂದಿರುಗಿಯೂ ನೋಡದೆ ನನಗೆ ಅಂದ, "ತಮ್ಮಾ, ಆ ಹಾಳ್ಯಾಗಿನ ಭಂಡಾರ ಕಸದಾಗ ಒಗಿಬ್ಯಾಡ."

ಹಾಳೆ ಅವನ ಮುಂದೆ ಹಿಡಿದೆ. ಕಣ್ಣು ಪರದೆಯಿಂದ ಕೀಳದೆಯೇ ಬೆರಳಲ್ಲಿ ಒತ್ತಿ ತೆಗೆದು ಹಣೆಗೆ ಹಚ್ಚಿಕೊಂಡ. ಎಲ್ಲ ಸೇರಿ ಒಂದು ಚಿಟಿಕೆಯೂ ಇರಲಿಲ್ಲ.